ಮಧುಮೇಹಿಗಳ ಬೆಳಗಿನ ಉಪಾಹಾರ ಮತ್ತು ಹಣ್ಣಿನ ಆಯ್ಕೆ: ತೆಂಗು ಸೀಮೆಯ ಕುಟುಂಬಗಳಿಗೆ ಒಂದು ಪಾಠ

(ಗ್ರಾಮಸಭೆ ಹಾಗೂ ಸ್ವಸಹಾಯ ಗುಂಪುಗಳ ಸಭೆಗಳಲ್ಲಿ ಓದಿ ಚರ್ಚಿಸುವುದಕ್ಕಾಗಿ)

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಮನೆಗಳಲ್ಲಿ ಯಾರಿಗಾದರೂ ಎರಡನೇ ಬಗೆಯ ಮಧುಮೇಹವಿದೆಯೆಂದು ತಿಳಿದ ಕೂಡಲೇ ಸಾಮಾನ್ಯವಾಗಿ ಎರಡು ತೀರ್ಮಾನಗಳಾಗುತ್ತವೆ. ಒಂದು, ಹಣ್ಣನ್ನು ಪೂರ್ತಿಯಾಗಿ ಬಿಡುವುದು. ಎರಡು, ಅನ್ನದ ಬದಲಿಗೆ ರಾಗಿಯನ್ನು ಎಷ್ಟಾದರೂ ಉಣ್ಣಬಹುದೆಂದು ನಂಬುವುದು. ಹಿತ್ತಿಲಿನ ಒಂದು ಸೀಬೆಹಣ್ಣಿಗೆ ಅಂಜುವ ಹಿರಿಯರು ಎರಡು ದೊಡ್ಡ ಮುದ್ದೆಗೆ ಅಂಜುವುದಿಲ್ಲ. ರಾಗಿಗೆ ಲೆಕ್ಕವಿಲ್ಲ, ಹಣ್ಣಿಗೆ ಬಾಗಿಲಿಲ್ಲ ಎಂಬ ಈ ಪದ್ಧತಿ ಸರಿಯಾದುದಲ್ಲ. ರಕ್ತದ ಸಕ್ಕರೆಯ ಏರಿಳಿತವನ್ನು ಆಹಾರದ ಹೆಸರಿಗಿಂತ ಹೆಚ್ಚಾಗಿ ನಿರ್ಧರಿಸುವುದು ಅದರ ಅಳತೆ, ಅದರ ರೂಪ ಮತ್ತು ಅದರ ಜೊತೆಗೆ ತಟ್ಟೆಯಲ್ಲಿರುವ ಪದಾರ್ಥಗಳು. ಇದೇ ಈ ಪಾಠದ ಸಾರಾಂಶ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜಿಸಿದೆ. ಇದು ಪಟ್ಟಣದವರ ಕಾಯಿಲೆಯಾಗಿ ಮಾತ್ರ ಉಳಿದಿಲ್ಲ.

1. ರಾಗಿಯ ಲೆಕ್ಕ

ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಇರುತ್ತದೆ. ವ್ಯತ್ಯಾಸವಿದೆ, ಆದರೆ ಜನರು ಭಾವಿಸಿರುವಷ್ಟು ದೊಡ್ಡದಲ್ಲ. ರಾಗಿಯ ನಿಜವಾದ ಹಿರಿಮೆ ಅದರ ನಾರಿನಂಶದಲ್ಲಿ ಮತ್ತು ಸುಣ್ಣದಂಶದಲ್ಲಿದೆ. ಹಿಟ್ಟನ್ನು ಜರಡಿ ಹಿಡಿದು ತೌಡು ತೆಗೆದರೆ ನಾರಿನಂಶ ಕಡಿಮೆಯಾಗುತ್ತದೆ. ಅದೇ ಹಿಟ್ಟನ್ನು ತೆಳುವಾದ ಗಂಜಿ ಮಾಡಿ ಬೆಲ್ಲ ಬೆರೆಸಿ ಕುಡಿದರೆ ಸಕ್ಕರೆ ಬೇಗನೆ ಏರುತ್ತದೆ. ಬೆಲ್ಲವು ಸಕ್ಕರೆಗಿಂತ ಸುರಕ್ಷಿತವೆಂಬುದು ತಪ್ಪು ತಿಳಿವಳಿಕೆ; ಅದರ ಬಹುಪಾಲು ಸಕ್ಕರೆಯೇ ಆಗಿದೆ.

ಮನೆಯವರು ಒಮ್ಮೆ ಒಂದು ಮುದ್ದೆಗೆ ಅಥವಾ ಒಂದು ರೊಟ್ಟಿಗೆ ಬಳಸುವ ಹಿಟ್ಟನ್ನು ತಕ್ಕಡಿಯಲ್ಲಿ ತೂಗಿ ನೋಡುವುದು ಉತ್ತಮ. ಒಂದೇ ಸಲ ತೂಗಿದರೂ ಮುಂದೆ ಕೈಗೆ ಅಂದಾಜು ಸಿಗುತ್ತದೆ.

2. ಬೆಳಗಿನ ತಟ್ಟೆ

ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿ, ತಟ್ಟೆ ಇಡ್ಲಿ ಇವು ಈ ಭಾಗದ ಪ್ರಿಯವಾದ ತಿಂಡಿಗಳು. ಇವುಗಳ ತೊಂದರೆಯೆಂದರೆ ತಟ್ಟೆಯ ತುಂಬ ಅಕ್ಕಿಯೇ ಇರುವುದು. ಕಾಳು ಮತ್ತು ತರಕಾರಿಗೆ ಸ್ಥಳವಿರುವುದಿಲ್ಲ. ತಿಂಡಿಯನ್ನು ಬಿಡುವ ಅಗತ್ಯವಿಲ್ಲ, ತಟ್ಟೆಯ ಪಾಲನ್ನು ಬದಲಿಸಬೇಕು. ತಟ್ಟೆಯ ಅರ್ಧಭಾಗ ಸೊಪ್ಪು ತರಕಾರಿ, ಕಾಲುಭಾಗ ಕಾಳು, ಬೇಳೆ ಅಥವಾ ಮೊಟ್ಟೆ, ಉಳಿದ ಕಾಲುಭಾಗ ರೊಟ್ಟಿ, ಇಡ್ಲಿ ಅಥವಾ ಅನ್ನ ಎಂಬುದು ನೆನಪಿಡಲು ಸುಲಭವಾದ ಲೆಕ್ಕ.

ಉದಾಹರಣೆಗೆ: ಒಂದು ರಾಗಿರೊಟ್ಟಿ, ಧಾರಾಳವಾಗಿ ಸೊಪ್ಪಿನ ಪಲ್ಯ, ಒಂದು ಬಟ್ಟಲು ಹೆಸರುಕಾಳಿನ ಉಸಲಿ. ಅಥವಾ ಎರಡು ಸಣ್ಣ ಇಡ್ಲಿ, ತರಕಾರಿ ತುಂಬಿದ ಗಟ್ಟಿ ಸಾಂಬಾರು, ಸ್ವಲ್ಪ ಕೋಸಂಬರಿ. ಉಪ್ಪಿಟ್ಟು ಮಾಡುವಾಗ ರವೆಯಷ್ಟೇ ಪ್ರಮಾಣದ ಹುರುಳಿಕಾಯಿ, ಕ್ಯಾರೆಟ್, ಬಟಾಣಿ ಸೇರಿಸಬಹುದು. ಕಾಫಿಗೆ ಹಾಕುವ ಸಕ್ಕರೆ ಅಥವಾ ಬೆಲ್ಲವನ್ನು ಹಂತ ಹಂತವಾಗಿ ಕಡಿಮೆ ಮಾಡಿ ನಿಲ್ಲಿಸುವುದು ಒಳ್ಳೆಯದು.

3. ತೆಂಗಿನಕಾಯಿ ಮತ್ತು ಎಳನೀರು

ಹಸಿ ತೆಂಗಿನಕಾಯಿ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಏರಿಸುವುದಿಲ್ಲ. ಆದರೆ ನೂರು ಗ್ರಾಂ ಕಾಯಿಯಲ್ಲಿ ಸುಮಾರು 33 ಗ್ರಾಂ ಕೊಬ್ಬಿದ್ದು, ಅದರ ಬಹುಪಾಲು ಸ್ಯಾಚುರೇಟೆಡ್ ಕೊಬ್ಬಾಗಿದೆ. ಮಧುಮೇಹಿಗಳಿಗೆ ಹೃದಯದ ಕಾಯಿಲೆಯ ಅಪಾಯವೂ ಹೆಚ್ಚಿರುವುದರಿಂದ ಚಟ್ನಿಗೆ ಕಾಯಿಯನ್ನು ಕಡಿಮೆ ಮಾಡಿ ಹುರಿಗಡಲೆ, ಪುದೀನ, ಕೊತ್ತಂಬರಿ ಸೊಪ್ಪನ್ನು ಹೆಚ್ಚಿಸುವುದು ಸೂಕ್ತ. ಎಳನೀರಿನಲ್ಲಿಯೂ ಸಕ್ಕರೆಯಿದೆ. ಅಪರೂಪಕ್ಕೆ ಒಂದು ಲೋಟ ಕುಡಿಯಬಹುದು. ದಿನವೂ ಎರಡು ಮೂರು ಎಳನೀರು ಕುಡಿಯುವುದು ಸರಿಯಲ್ಲ. ಮೂತ್ರಪಿಂಡದ ತೊಂದರೆಯಿರುವವರು ಅದರಲ್ಲಿರುವ ಪೊಟ್ಯಾಸಿಯಂ ಕಾರಣದಿಂದ ವೈದ್ಯರನ್ನು ಕೇಳದೆ ಕುಡಿಯಕೂಡದು.

4. ಹಣ್ಣಿನ ಅಳತೆ

ಮಧುಮೇಹಿಗಳು ಹಣ್ಣನ್ನು ತಿನ್ನಬಹುದು. ಸುಮಾರು 15 ಗ್ರಾಂ ಶರ್ಕರಪಿಷ್ಟವನ್ನು ಒಂದು ಪಾಲೆಂದು ಎಣಿಸಿದರೆ, ಒಂದು ಮಧ್ಯಮ ಗಾತ್ರದ ಸೀಬೆಹಣ್ಣು, ಒಂದು ಬಟ್ಟಲು ಪಪ್ಪಾಯಿ ಹೋಳು, ಒಂದು ಬಟ್ಟಲು ನೇರಳೆ, ಒಂದು ಸಣ್ಣ ಏಲಕ್ಕಿ ಬಾಳೆಹಣ್ಣು, ಎರಡು ಮೂರು ಹಲಸಿನ ತೊಳೆ ಇವುಗಳಲ್ಲಿ ಯಾವುದಾದರೂ ಒಂದು ಸರಿಸುಮಾರು ಒಂದು ಪಾಲಾಗುತ್ತದೆ. ನಾರಿನಂಶ ಹೆಚ್ಚಿರುವ ಸೀಬೆ ದಿನಬಳಕೆಗೆ ಯೋಗ್ಯ. ಮಾವು, ಹಲಸಿನ ಕಾಲದಲ್ಲಿ ಅಳತೆ ತಪ್ಪದಂತೆ ಎಚ್ಚರ ಬೇಕು. ಹಣ್ಣು ತಿಂದ ದಿನ ಅದೇ ಹೊತ್ತಿನ ಅನ್ನ ಅಥವಾ ರೊಟ್ಟಿಯನ್ನು ಅಷ್ಟು ಕಡಿಮೆ ಮಾಡಬೇಕು.

ರೂಪವೂ ಮುಖ್ಯ. ರಸ ಹಿಂಡಿದಾಗ ನಾರು ಹೊರಗುಳಿದು ಸಕ್ಕರೆ ಮಾತ್ರ ಲೋಟಕ್ಕೆ ಬರುತ್ತದೆ. ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಯಿಯ ನೀರು ಆರಿ ಗಟ್ಟಿ ಕೊಬ್ಬರಿಯಾಗುವಂತೆ, ಒಣದ್ರಾಕ್ಷಿ ಮತ್ತು ಖರ್ಜೂರದಲ್ಲಿ ನೀರು ಹೋಗಿ ಸಕ್ಕರೆ ಸಾಂದ್ರವಾಗಿರುತ್ತದೆ. ನೇರಳೆ ಬೀಜದ ಪುಡಿಯನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಬಾರದು.

5. ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿ ತೋಟಕ್ಕೆ ಹೋಗಬೇಡಿ

ಬೆಳಗ್ಗೆ ಮಾತ್ರೆ ನುಂಗಿ, ಕಾಫಿ ಕುಡಿದು ತೋಟಕ್ಕೆ ಹೋಗಿ, ಹತ್ತು ಗಂಟೆಯ ನಂತರ ತಿಂಡಿ ತಿನ್ನುವ ರೂಢಿ ಅನೇಕರಲ್ಲಿದೆ. ಗ್ಲಿಮೆಪಿರೈಡ್‌ನಂತಹ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯಕಾರಿ. ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ, ಕಣ್ಣು ಮಂಜಾಗುವುದು, ಮಾತು ತಡವರಿಸುವುದು ಕಾಣಿಸಿಕೊಳ್ಳುತ್ತದೆ. ಕಾಯಿ ಕೀಳಲು ಮರ ಹತ್ತಿದವರಿಗೆ, ಮೋಟಾರು ಬೈಕು ಓಡಿಸುವವರಿಗೆ ಆ ಕ್ಷಣವೇ ಪ್ರಾಣಾಂತಿಕವಾಗಬಹುದು.

ಇಂತಹವರು ತಿಂಡಿಯ ವೇಳೆಯನ್ನು ಮಾತ್ರೆಯ ವೇಳೆಗೆ ಹೊಂದಿಸಿಕೊಳ್ಳಬೇಕು; ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಿರಬೇಕು. ಲಕ್ಷಣ ಕಂಡ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು ಕುಳಿತುಕೊಳ್ಳಬೇಕು. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿದು, ಅನಂತರ ಊಟ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

6. ಪರೀಕ್ಷೆ

ಯಾವ ತಿಂಡಿ ತನಗೆ ಒಗ್ಗುತ್ತದೆಂಬುದನ್ನು ತಿಂಡಿಗೆ ಮುಂಚೆ ಮತ್ತು ತಿಂದ ಎರಡು ಗಂಟೆಯ ನಂತರ ಸಕ್ಕರೆ ಅಳೆದು, ಒಂದು ಪುಸ್ತಕದಲ್ಲಿ ಬರೆದಿಟ್ಟು ತಿಳಿಯಬಹುದು. ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿದರೆ ಮಾತ್ರೆಯ ಪ್ರಮಾಣ ನಿರ್ಧರಿಸಲು ನೆರವಾಗುತ್ತದೆ. 30 ವರ್ಷ ಮೇಲ್ಪಟ್ಟವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಮಧುಮೇಹ ತಪಾಸಣೆ ಉಚಿತವಾಗಿದೆ.

ಚರ್ಚೆಗೆ ಪ್ರಶ್ನೆಗಳು

ಅ) ಇಂದು ಬೆಳಗಿನ ತಟ್ಟೆಯಲ್ಲಿ ಕಾಳು ಮತ್ತು ತರಕಾರಿಯ ಪಾಲು ಎಷ್ಟಿತ್ತು?
ಆ) ಮನೆಯಲ್ಲಿ ಒಂದು ಮುದ್ದೆಗೆ ಎಷ್ಟು ಗ್ರಾಂ ಹಿಟ್ಟು ಬಳಸಲಾಗುತ್ತದೆ?
ಇ) ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ತಿಂಡಿ ತಿನ್ನಲಾಗುತ್ತದೆ?
ಈ) ಸಕ್ಕರೆ ಇಳಿದಾಗ ಏನು ಮಾಡಬೇಕೆಂಬುದು ತೋಟದಲ್ಲಿ ಜೊತೆಗೆ ದುಡಿಯುವವರಿಗೆ ತಿಳಿದಿದೆಯೇ?

ಕೊನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ, ಸಭೆ ಮುಗಿಯುವ ಮುನ್ನ ಐದನೇ ಭಾಗವನ್ನು ಇನ್ನೊಮ್ಮೆ ಗಟ್ಟಿಯಾಗಿ ಓದತಕ್ಕದ್ದು.