ಸಂತೆಯಲ್ಲಿ ಬರುವ ನಿದ್ದೆ

ಅಳಿಯಾ, ಬೇಜಾರು ಮಾಡಿಕೊಳ್ಳಬೇಡ. ಮೊನ್ನೆ ಮದುವೆಯ ಛತ್ರದಲ್ಲಿ ಜಮಖಾನ ಹಾಸಿ ಗಂಡಸರೆಲ್ಲ ಸಾಲಾಗಿ ಮಲಗಿದೆವಲ್ಲ, ನಿನ್ನ ಗೊರಕೆಗೆ ಅರ್ಧ ಜನಕ್ಕೆ ನಿದ್ದೆಯೇ ಇಲ್ಲ. ಬೆಳಗ್ಗೆ ತಿಂಡಿ ಪಂಕ್ತಿಯಲ್ಲೂ ಅದೇ ತಮಾಷೆ. ನನಗೆ ಮಾತ್ರ ನಗು ಬರಲಿಲ್ಲ. ಅವರು ಕೇಳಿಸಿಕೊಂಡದ್ದು ನಿನ್ನ ಗೊರಕೆ; ನಾನು ಕೇಳಿಸಿಕೊಂಡದ್ದು ಅದು ನಿಂತದ್ದು.

ಗೊರಕೆ ತಟ್ಟನೆ ನಿಂತಾಗ ಪಕ್ಕದವರು ‘ಸದ್ಯ!’ ಎಂದು ಮಗ್ಗುಲಾದರು. ನಾನು ಗಡಿಯಾರ ನೋಡುತ್ತ ಎದ್ದು ಕೂತೆ. ಎದೆ ಏರಿಳಿಯುತ್ತಿದೆ, ಮೂಗಲ್ಲಿ ಉಸಿರಿಲ್ಲ. ಹತ್ತು ಸೆಕೆಂಡು, ಇಪ್ಪತ್ತು, ಇಪ್ಪತ್ತೈದು. ಆಮೇಲೆ ಬಾವಿಯಲ್ಲಿ ಮುಳುಗಿ ಎದ್ದವನ ಹಾಗೆ ಗೊರ್ರೆಂದು ಉಸಿರೆಳೆದೆ. ಆರು ವರ್ಷದ ಹಿಂದೆ ನಿನ್ನ ಅತ್ತೆ ನನ್ನ ಪಕ್ಕದಲ್ಲಿ ಹೀಗೇ ಕೂತು ಎಣಿಸಿದ್ದಳು.

ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ದಾರಿ ತೆರೆಯುತ್ತದೆ. ಎದ್ದದ್ದು ನಿನಗೆ ನೆನಪೂ ಇರುವುದಿಲ್ಲ. ಇದೇ ಆಟ ರಾತ್ರಿಯಿಡೀ. ಮಲಗಿದ್ದು ಎಂಟು ಗಂಟೆಯಾದರೂ ಮೈಗೆ ಸಿಕ್ಕ ನಿದ್ದೆ ಚೂರುಪಾರು. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂದು ನಿನ್ನಮ್ಮ ಹೆಮ್ಮೆಪಡುತ್ತಾಳೆ. ಮೀಟಿಂಗಿನಲ್ಲಿ, ಟಿ.ವಿ. ಮುಂದೆ, ಸಿಗ್ನಲ್ಲಿನಲ್ಲಿ ನೀನು ತೂಕಡಿಸುವುದು ನಿಶ್ಚಿಂತೆಯಿಂದಲ್ಲ ಮಾರಾಯ, ನಿದ್ದೆಯ ಸಾಲ ತೀರದೆ. ಮೂವತ್ತೆಂಟಕ್ಕೇ ಎರಡೆರಡು ಬಿ.ಪಿ. ಮಾತ್ರೆ ನುಂಗುತ್ತಿದ್ದೀಯಲ್ಲ, ಅದರ ಬೇರೂ ಇಲ್ಲೇ ಇರಬಹುದು.

ಪತ್ತೆ ಮಾಡುವುದು ಈಗ ಕಷ್ಟವಲ್ಲ. ಮೊದಲು ನಿನ್ನ ಹೆಂಡತಿಗೆ ಹೇಳಿ ರಾತ್ರಿ ಮೊಬೈಲಿನಲ್ಲಿ ವಿಡಿಯೊ ಮಾಡಿಸು. ಡಾಕ್ಟರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕೈಯಲ್ಲಿ ಕಟ್ಟಿದ ಸ್ಮಾರ್ಟ್ ವಾಚು ಸುಳಿವು ಕೊಟ್ಟೀತು, ತೀರ್ಪು ಕೊಡಲಾರದು. ಮನೆಯಲ್ಲೇ ಮಾಡುವ ಪರೀಕ್ಷೆಯಿದೆ: ಮೂಗಿಗೆ ಸಣ್ಣ ಕೊಳವೆ, ಎದೆಗೊಂದು ಪಟ್ಟಿ, ಬೆರಳಿಗೆ ಕ್ಲಿಪ್ಪು, ಒಂದು ರಾತ್ರಿ. ಅದರಲ್ಲಿ ಸ್ಪಷ್ಟವಾಗದಿದ್ದರೆ ಆಸ್ಪತ್ರೆಯ ಸ್ಲೀಪ್ ಲ್ಯಾಬ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಅಲ್ಲಿ ತಲೆಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ, ಕಾಲಿಗೆ ತಂತಿ ಅಂಟಿಸಿ ನಿದ್ದೆಯ ಪೂರಾ ಲೆಕ್ಕ ಬರೆಯುತ್ತಾರೆ. ರಿಪೋರ್ಟಿನಲ್ಲಿ ಎ.ಎಚ್.ಐ. ಅನ್ನುವ ಅಂಕಿ ನೋಡು: ಉಸಿರು ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದೆ ನಿಂತದ್ದು, ಕುಗ್ಗಿದ್ದು ಗಂಟೆಗೆ ಎಷ್ಟು ಸಲ ಎಂದು. 5ರ ಒಳಗಿದ್ದರೆ ಚಿಂತೆಯಿಲ್ಲ. 15ರಿಂದ ಮಧ್ಯಮ, 30 ದಾಟಿದರೆ ತೀವ್ರ. ನನ್ನದು 41 ಇತ್ತು.

ನನಗೆ ಕೊಟ್ಟದ್ದು ಸಿಪ್ಯಾಪ್ ಮಿಷನ್ನು. ಮೂಗಿನ ಮಾಸ್ಕಿನಿಂದ ಹದವಾದ ಒತ್ತಡದ ಗಾಳಿ ಕಳಿಸಿ ಗಂಟಲು ಮುಚ್ಚದ ಹಾಗೆ ಹಿಡಿಯುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬು ಮಡಚಿಕೊಳ್ಳುತ್ತದೆಯೇ? ಸಿಡ್ನಿಯ ಡಾ. ಕಾಲಿನ್ ಸಲ್ಲಿವನ್ ಇದನ್ನು ಲೋಕಕ್ಕೆ ತಿಳಿಸಿದ್ದು 1981ರಲ್ಲಿ. ಅಲ್ಲಿಯವರೆಗೆ ತೀವ್ರ ಕಾಯಿಲೆಗೆ ಕತ್ತಿನಲ್ಲಿ ತೂತು ಕೊರೆಯುವುದೇ ಮದ್ದಾಗಿತ್ತು. ಆ ಕಾಲಕ್ಕೆ ಹೋಲಿಸಿದರೆ ಮಾಸ್ಕು ಯಾವ ಮಹಾ ಕಷ್ಟ?

ಆದರೂ ಸುಳ್ಳು ಹೇಳಲಾರೆ, ಮೊದಲ ವಾರ ಮಾಸ್ಕು ಕಿತ್ತೆಸೆದಿದ್ದೆ. ಆನೆಸೊಂಡಿಲು ಕಟ್ಟಿಕೊಂಡ ಹಾಗೆ ನಾಚಿಕೆ ಬೇರೆ. ತಪ್ಪು ನನ್ನದಲ್ಲ, ಅಳತೆಯದು: ಬೇರೆ ಸೈಜು ಹಾಕಿಸಿದ ಮೇಲೆ ಗಾಳಿ ಸೋರುವುದು ನಿಂತಿತು. ಮೂಗು ಒಣಗಿದ್ದಕ್ಕೆ ತೇವ ಕೊಡುವ ನೀರಿನ ಡಬ್ಬಿ ಸೇರಿಸಿದರು. ಹಗಲು ಟಿ.ವಿ. ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ರೂಢಿ ಮಾಡಿಕೊಂಡೆ. ಕರೆಂಟು ಹೋಗುವ ಊರಾದ್ದರಿಂದ ಯು.ಪಿ.ಎಸ್.ಗೆ ಜೋಡಿಸಿದ್ದೇನೆ. ತಿಂಗಳೊಪ್ಪತ್ತಿನಲ್ಲಿ ಬೆಳಗಿನ ತಲೆನೋವು ಹೋಯಿತು. ಈಗ ಅದು ನನಗೆ ಕನ್ನಡಕವಿದ್ದ ಹಾಗೆ. ಕನ್ನಡಕದ ಹಾಗೇ, ಹಾಕಿಕೊಂಡಾಗ ಮಾತ್ರ ಗುಣ. ಬೀರುವಿನಲ್ಲಿಟ್ಟರೆ ದುಡ್ಡು ದಂಡ.

ಕಾಯಿಲೆ ಅಷ್ಟು ಬಲಿತಿಲ್ಲದಿದ್ದರೆ ಬೇರೆ ದಾರಿಗಳೂ ಇವೆ. ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನವನ್ನು ಹಲ್ಲಿನ ಡಾಕ್ಟರು ಅಚ್ಚು ತೆಗೆದು ಮಾಡಿಕೊಡುತ್ತಾರೆ. ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರಿಗೆ ಮಗ್ಗುಲಾಗಿ ಮಲಗುವುದೇ ಅರ್ಧ ಔಷಧ. ಅಮೆರಿಕದಲ್ಲಿ ನಾಲಿಗೆಯ ನರವನ್ನು ಪ್ರಚೋದಿಸುವ, ಎದೆಯಲ್ಲಿ ಹುದುಗಿಸುವ ಸಾಧನಕ್ಕೆ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಬೊಜ್ಜಿನ ಜೊತೆ ಈ ಕಾಯಿಲೆಯೂ ಇರುವವರಿಗೆ ಟಿರ್ಜೆಪಟೈಡ್ ಇಂಜೆಕ್ಷನ್ನಿಗೆ 2024ರಲ್ಲಿ. ಯಾವುದು ನಿನಗೆ ಎಂದು ಡಾಕ್ಟರು ಹೇಳಲಿ. ಜಾಹೀರಾತು ನೋಡಿ ಮೂಗಿನ ಕ್ಲಿಪ್ಪು ತರಿಸಬೇಡ. ನಿನ್ನ ಕೈಯಲ್ಲಿರುವ ಕೆಲಸ ಹೊಟ್ಟೆ ಇಳಿಸುವುದು, ರಾತ್ರಿ ‘ಎರಡು ಪೆಗ್’ ಬಿಡುವುದು. ಹೆಂಡವೂ ನಿದ್ದೆ ಮಾತ್ರೆಯೂ ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ.

ಕಡೆಯ ಮಾತು. ವಾರಕ್ಕೊಮ್ಮೆ ಹುಬ್ಬಳ್ಳಿಗೆ ರಾತ್ರಿ ಒಬ್ಬನೇ ಕಾರು ಓಡಿಸಿಕೊಂಡು ಹೋಗುತ್ತೀಯಂತೆ. ಹೈವೇಯಲ್ಲಿ ರೆಪ್ಪೆ ಕೂಡಲು ಮೂರು ಸೆಕೆಂಡು ಸಾಕು. ಗೌರಿಹಬ್ಬಕ್ಕೆ ಬರುವಾಗ ರಿಪೋರ್ಟು ತಾ. ಅಲ್ಲಿಯವರೆಗೆ ಬಸ್ಸಿನಲ್ಲಿ ಹೋಗು; ನಿದ್ದೆ ಬಂದರೆ ಅಲ್ಲಿ ಬರಲಿ.