ಭಂಗಿ ಸೊಪ್ಪಿನ ಜ್ಯೂಸ್ ಕುಡಿಯುವ ಮುನ್ನ

ಚನ್ನಗಿರಿಯ ಅಡಿಕೆ ತೋಟದಿಂದ ಜಗಳೂರಿನ ಮೆಕ್ಕೆಜೋಳದ ಹೊಲದವರೆಗೆ, ಹೊನ್ನಾಳಿ, ನ್ಯಾಮತಿಯ ಬಂಧುಗಳೂ ಸೇರಿ ಎಲ್ಲರಿಗೂ ಒಂದು ಮಾತು: ಹಸಿ ಗಾಂಜಾ ಎಲೆ ಅರೆದು ಕುಡಿದರೆ ನೋವು ಹೋಗುತ್ತದೆ, ನಿದ್ದೆ ಬರುತ್ತದೆ ಎಂಬ ವಿಡಿಯೋ ನೋಡಿ ಮಿಕ್ಸರ್ ತೆಗೆಯಬೇಡಿ.

ಹಸಿ ಎಲೆಯಲ್ಲಿ ಹೆಚ್ಚಾಗಿ ಇರುವುದು ಟಿಎಚ್‌ಸಿಎ ಎಂಬ ಆಮ್ಲ. ಅದರಿಂದ ಅಷ್ಟಾಗಿ ಅಮಲೇರುವುದಿಲ್ಲ, ನಿಜ. ಆದರೆ ಎಲೆ ಒಣಗಿದಂತೆ, ಬಿಸಿ ತಾಗಿದಂತೆ ಅದೇ ಆಮ್ಲ ಅಮಲಿನ ಟಿಎಚ್‌ಸಿ ಆಗುತ್ತದೆ. ನಿಮ್ಮ ಲೋಟದಲ್ಲಿ ಎಷ್ಟಿದೆ ಎಂದು ಅಳೆಯುವವರು ಯಾರು? ಹೊಟ್ಟೆಗೆ ಹೋದದ್ದು ತಲೆಗೇರಲು ಒಂದೆರಡು ಗಂಟೆಯೂ ಬೇಕಾಗಬಹುದು. ಏನೂ ಆಗಲಿಲ್ಲವೆಂದು ಇನ್ನೊಂದು ಲೋಟ ಕುಡಿದವರೇ ಎದೆಬಡಿತ, ಗಾಬರಿಯಿಂದ ಆಸ್ಪತ್ರೆ ಸೇರುವುದು. ಗರ್ಭಿಣಿಯರು, ಹೃದ್ರೋಗಿಗಳು, ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ಹತ್ತಿರಕ್ಕೂ ಹೋಗಬಾರದು.

ಹಿತ್ತಲಲ್ಲಿ ಎರಡು ಗಿಡ ಬೆಳೆಸುತ್ತೇನೆ ಎನ್ನುವವರಿಗೆ: 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಮೆಕ್ಕೆಜೋಳದ ಸಾಲಿನ ಮರೆಯಲ್ಲಿದ್ದರೂ ಅಷ್ಟೇ.

2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆಹಾರವೆಂದು ಒಪ್ಪಿದ್ದು ಗಾಂಜಾ ಗಿಡದ ಬೀಜ (ಹೆಂಪ್ ಬೀಜ), ಅದರ ಎಣ್ಣೆ, ಹಿಟ್ಟನ್ನು ಮಾತ್ರ. ಬೀಜದಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ ಮೀರುವಂತಿಲ್ಲ. ಎಲೆ, ಹೂವು ಆ ಪಟ್ಟಿಯಲ್ಲಿಲ್ಲ.

ನಿದ್ದೆಯಿಲ್ಲವೇ, ಮನಸ್ಸು ಕುಗ್ಗಿದೆಯೇ? ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಗನಿಗೆ ಚಟ ಅಂಟಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446. ದುಡ್ಡು ಕೊಡಬೇಕಿಲ್ಲ.