ರಜೆ ಮುಗಿದಾಗ ತೋತಾಪುರಿ ಶುರು

ಪ್ರತಿ ವರ್ಷ ಮೇ ಕೊನೆಗೆ ಯಾವುದಾದರೂ ಪತ್ರಿಕೆಯಲ್ಲಿ, ಬೇಸಿಗೆ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೊಂದಿಕೊಳ್ಳುವುದು ಹೇಗೆ ಎಂಬ ಸಲಹೆ ಬರುತ್ತದೆ. ಬೇಗ ಮಲಗಿ ಬೇಗ ಏಳಿ, ಮೊದಲ ವಾರ ನಿಧಾನವಾಗಿ ಶುರು ಮಾಡಿ, ರಜೆಯ ನೆನಪುಗಳನ್ನು ಸಹೋದ್ಯೋಗಿಗಳ ಜೊತೆ ಹಂಚಿಕೊಳ್ಳಿ. ಬರೆದವರ ಮನೆಯಲ್ಲಿ ಮಾವಿನ ತೋಪಿಲ್ಲ ಎನ್ನುವುದು ಎರಡು ಸಾಲು ಓದುವಷ್ಟರಲ್ಲಿ ಗೊತ್ತಾಗುತ್ತದೆ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅಪ್ಪನ ಕಾಲದ ಮರಗಳನ್ನು ಇಟ್ಟುಕೊಂಡಿರುವ ಮೇಷ್ಟ್ರಿಗೆ ರಜೆ ಎಂದರೆ ಏಪ್ರಿಲ್‌ನಲ್ಲಿ ಕಾಯಿ ಕಾಯುವುದು, ಮೇ ತಿಂಗಳಲ್ಲಿ ಬಾದಾಮಿ ಇಳಿಸುವುದು. ನಾನು ಹೇಳಹೊರಟಿರುವುದು ಅಂಥವರಿಗೆ. ಊಟಿಗೆ ಹೋಗಿ ಬಂದವರು ಪುಟ ತಿರುಗಿಸಬಹುದು.

2025ರಲ್ಲಿ ನಮಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ. 29ಕ್ಕೆ ಶಾಲೆ ಶುರು. ಈ ದಿನಾಂಕಗಳನ್ನು ಗೊತ್ತುಮಾಡುವವರು ಬಿಸಿಲನ್ನು ನೋಡುತ್ತಾರೆ, ಮರವನ್ನು ನೋಡುವುದಿಲ್ಲ. ಬಾದಾಮಿಯ ಗಲಾಟೆ ಇನ್ನೂ ಮುಗಿದಿರುವುದಿಲ್ಲ, ಅಷ್ಟರಲ್ಲಿ ತೋತಾಪುರಿ ಬಲಿತು ನಿಂತಿರುತ್ತದೆ. ಜೂನ್, ಜುಲೈ ಅದರದ್ದೇ ಕಾಲ. ಅಂದರೆ ನಮ್ಮ ಕಡೆ ರಜೆ ಮುಗಿಯುವ ಹೊತ್ತಿಗೆ ಮನೆಯ ನಿಜವಾದ ಕೆಲಸ ಶುರುವಾಗುತ್ತದೆ. ಕೆಲಸದಿಂದ ಕೆಲಸಕ್ಕೆ ಹೋಗುವವನಿಗೆ ‘ನಿಧಾನವಾಗಿ ಶುರು ಮಾಡಿ’ ಎಂದರೆ ಏನು ಹೇಳುವುದು?

ಕಷ್ಟ ಮನಸ್ಸಿನದ್ದಲ್ಲ, ಮೈಯದ್ದು. ತೋಪಿನಲ್ಲಿದ್ದಾಗ ಬೆಳಗಿನ ಜಾವ ನಾಲ್ಕಕ್ಕೆ ಎದ್ದಿರಬೇಕು. ಕೂಲಿಯವರು ದೋಟಿ ಹಿಡಿದು ಬರುವಷ್ಟರಲ್ಲಿ ಕ್ರೇಟುಗಳು ಸಿದ್ಧವಾಗಿರಬೇಕು, ಬಿಸಿಲೇರುವ ಮುಂಚೆ ಕಾಯಿ ಮಂಡಿ ಸೇರಬೇಕು. ಮಧ್ಯಾಹ್ನ ಮುದ್ದೆ ಉಂಡು ಮರದ ಕೆಳಗೆ ಒರಗಿದರೆ ಎರಡು ಗಂಟೆ ನಿದ್ದೆ. ಏಳೆಂಟು ವಾರ ಹೀಗೆ ಪಳಗಿದ ಮೈಗೆ, ಮಧ್ಯಾಹ್ನ ಎರಡೂವರೆಗೆ ಏಳನೇ ತರಗತಿಯ ಸಮಾಜ ವಿಜ್ಞಾನ ಎಂದರೆ ಹೇಗೆ ಅರ್ಥವಾಗಬೇಕು? ಬೆಳಿಗ್ಗೆ ಎಂಥ ಲವಲವಿಕೆ ಇದ್ದರೂ ಬಿಸಿಯೂಟದ ಗಂಟೆ ಹೊಡೆದ ಮೇಲೆ ರೆಪ್ಪೆ ನನ್ನ ಮಾತು ಕೇಳುವುದಿಲ್ಲ.

ಮಕ್ಕಳ ಪಾಡೂ ಇದೇ. ನಾನಿರುವುದು ಮುಳಬಾಗಿಲು ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ರಜೆಗೆ ಮಕ್ಕಳು ಪಲಮನೇರು, ಪುಂಗನೂರು ಕಡೆಯ ಅಜ್ಜಿ ಮನೆಗಳಿಗೆ ಹೋಗಿರುತ್ತಾರೆ, ಮನೆಯಲ್ಲೂ ತೆಲುಗೇ. ಪ್ರಾರಂಭೋತ್ಸವದ ದಿನ ಮಾವಿನ ತೋರಣ ಕಟ್ಟಿ, ಕೇಸರಿಬಾತ್ ಕೊಟ್ಟು, ಗುಲಾಬಿ ಹೂ ಹಿಡಿಸಿ ‘ರಜೆ ಹೇಗಿತ್ತು’ ಎಂದು ಕೇಳಿದರೆ ಉತ್ತರವೆಲ್ಲ ತೆಲುಗಿನಲ್ಲಿ. ಅದರಲ್ಲಿ ನನಗೆ ಬೇಸರವಿಲ್ಲ, ನಮ್ಮ ಮನೆಯಲ್ಲೂ ಅರ್ಧ ಮಾತು ಅದೇ. ಆದರೆ ಮಾರ್ಚ್‌ನಲ್ಲಿ ಒತ್ತಕ್ಷರ ಸರಿಯಾಗಿ ಬರೆಯುತ್ತಿದ್ದ ಹುಡುಗ ಜೂನ್‌ನಲ್ಲಿ ಪೆನ್ಸಿಲ್ ಹಿಡಿಯುವುದನ್ನೇ ಮೊದಲಿಂದ ಶುರುಮಾಡಿದಾಗ ಇಲಾಖೆಯ ಸೇತುಬಂಧ ಬಂದು ಕುಳಿತಿರುತ್ತದೆ. ನೈದಾನಿಕ ಪರೀಕ್ಷೆ ಮಾಡಿ, ಯಾರು ಎಷ್ಟು ಮರೆತಿದ್ದಾರೆ ಬರೆದು, ಅದಕ್ಕೆ ತಕ್ಕ ಚಟುವಟಿಕೆ ಮಾಡಿಸಿ, ಮತ್ತೆ ಪರೀಕ್ಷೆ ಮಾಡಿ, ಎಲ್ಲಕ್ಕೂ ದಾಖಲೆ ಇಡಬೇಕು. ಒಳ್ಳೆಯ ಯೋಜನೆಯೇ. ಮೇಷ್ಟ್ರಿಗೂ ಒಂದು ಸೇತುಬಂಧ ಇದ್ದಿದ್ದರೆ ನನಗೆ ನೋಟಿಸ್ ಬರುತ್ತಿರಲಿಲ್ಲ.

ಮಾಲೂರಿನ ಕಡೆ ಶಿಕ್ಷಕಿಯಾಗಿರುವ ನನ್ನ ತಂಗಿಯದು ಬೇರೆ ಗೋಳು. ಮಳೆ ಹಿಡಿದರೆ ಇಟ್ಟಿಗೆ ಗೂಡುಗಳು ನಿಲ್ಲುತ್ತವೆ. ಕೂಲಿಗೆ ಬಂದ ಸಂಸಾರಗಳು ಊರಿಗೆ ಹೊರಟರೆ ಹಾಜರಾತಿ ಪುಸ್ತಕದಲ್ಲಿ ಹೆಸರಿರುತ್ತದೆ, ಬೆಂಚಿನ ಮೇಲೆ ಮಗು ಇರುವುದಿಲ್ಲ. ನರಸಾಪುರದ ಫ್ಯಾಕ್ಟರಿಗೆ ಹೋಗುವ ನಮ್ಮೂರಿನ ಹುಡುಗಿಯರಿಗಂತೂ ಯುಗಾದಿ, ಹೊಸತೊಡಕು ಮುಗಿಯಿತೋ ಶಿಫ್ಟ್. ಕಂಪನಿ ಬಸ್ಸು ಯಾರ ಮನೆಯ ಹಬ್ಬವನ್ನೂ ಕೇಳುವುದಿಲ್ಲ. ಅವರ ಮುಂದೆ ನನ್ನ ಕಷ್ಟ ದೊಡ್ಡದೇನಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಹೇಳಲೇಬೇಕು, ಏಕೆಂದರೆ ಮುಂದೆ ಬರುವ ಕತೆಯಲ್ಲಿ ತಪ್ಪೆಲ್ಲ ಅವಳ ತಮ್ಮನದು.

ಜೂನ್ 7 ಶನಿವಾರ, ಬಕ್ರೀದ್ ರಜೆ. ಮರುದಿನ ಭಾನುವಾರ. ಎರಡು ದಿನ ಸಿಕ್ಕಿದ್ದೇ ಭಾಗ್ಯ ಎಂದು ತೋತಾಪುರಿ ಇಳಿಸಿದೆವು. ಮಂಡಿಯಲ್ಲಿ ಬೆಲೆ ಕುಸಿದಿತ್ತು. ತೋತಾಪುರಿಯನ್ನು ಯಾರೂ ಮನೆಗೆ ಕೊಂಡುಹೋಗಿ ತಿನ್ನುವುದಿಲ್ಲ, ಅದು ಜ್ಯೂಸ್ ಫ್ಯಾಕ್ಟರಿಯ ಕಾಯಿ. ಫ್ಯಾಕ್ಟರಿಗಳು ಹೆಚ್ಚಾಗಿ ಇರುವುದು ಚಿತ್ತೂರಿನ ಕಡೆ, ಕೃಷ್ಣಗಿರಿಯ ಕಡೆ. ‘ಮಂಡಿಗ್ಯಾಕೆ ಹಾಕ್ತೀಯ ಬಾವ, ನೇರ ಚಿತ್ತೂರಿಗೇ ಹೊಡ್ದುಬಿಡೋಣ’ ಎಂದ ಬಾಮೈದ. ಕ್ಯಾಂಟರ್ ಅವನದೇ. ‘ರಾತ್ರಿ ಹೊರಟ್ರೆ ಬೆಳಗ್ಗೆ ನಿನ್ನ ಸ್ಕೂಲ್ ಹತ್ರ ಇಳಿಸ್ತೀನಿ’ ಎಂದೂ ಸೇರಿಸಿದ. ಮುಳಬಾಗಿಲು ದಾಟಿ, ನಂಗಲಿ ದಾಟಿ, ಹೆದ್ದಾರಿಯಲ್ಲೇ ಹೋಗುವ ದಾರಿ. ಲೆಕ್ಕ ಸರಿಯಾಗಿಯೇ ಕಂಡಿತು.

ಅವನು ಹೇಳದೆ ಉಳಿಸಿದ್ದು ಇಷ್ಟು: ಹೊರರಾಜ್ಯದ ತೋತಾಪುರಿ ಜಿಲ್ಲೆಯೊಳಗೆ ಬರಬಾರದು ಎಂದು ಚಿತ್ತೂರು ಜಿಲ್ಲಾಡಳಿತ ಹಿಂದಿನ ದಿನವೇ, ಅಂದರೆ ಜೂನ್ 7ಕ್ಕೆ, ಆದೇಶ ಹೊರಡಿಸಿತ್ತು. ಅಲ್ಲಿನ ರೈತರಿಗೂ ಬೆಲೆ ಇರಲಿಲ್ಲ, ಅವರ ಜಿಲ್ಲೆ ಅವರನ್ನು ನೋಡಿಕೊಂಡಿತು. ಆ ಸುದ್ದಿ ಭಾನುವಾರ ಮಧ್ಯಾಹ್ನವೇ ಬಾಮೈದನ ಫೋನಿಗೆ ಬಂದಿತ್ತು. ‘ರಾತ್ರಿ ಹೊತ್ತು ಯಾರು ನೋಡ್ತಾರೆ ಅಂದ್ಕೊಂಡೆ’ ಎಂದು ಆಮೇಲೆ ಹೇಳಿದ.

ನೋಡುವವರು ಬಹಳ ಜನ ಇದ್ದರು. ಗಡಿಯಾಚೆಯ ಚೆಕ್‌ಪೋಸ್ಟ್‌ನಲ್ಲಿ ಪೊಲೀಸರ ಜೊತೆ ಕಂದಾಯದವರು, ಅರಣ್ಯದವರು, ಮಾರುಕಟ್ಟೆ ಇಲಾಖೆಯವರು. ನಮ್ಮ ಮುಂದೆ ಕ್ಯಾಂಟರುಗಳ, ಟ್ರ್ಯಾಕ್ಟರುಗಳ ಸಾಲು. ಟಾರ್ಪಾಲು ಎತ್ತಿ ಟಾರ್ಚ್ ಬಿಟ್ಟು ನೋಡಿದ ಪೇದೆ ‘ಬಂಡಿ ವೆನಕ್ಕಿ ತಿಪ್ಪು’ ಎಂದು ಹೇಳಿ ಮುಂದಿನ ಗಾಡಿಗೆ ಹೋದ. ಬಾಮೈದ ಇಳಿದು ಕೈ ಮುಗಿದ, ಯಾರದೋ ಹೆಸರು ಹೇಳಿದ, ಯಾರಿಗೋ ಫೋನ್ ಮಾಡಿದ, ತೆಲುಗಿನಲ್ಲಿ ನೆಂಟಸ್ತನ ಹುಡುಕಿದ. ನಾನು ‘ತಿರುಗಿಸು’ ಎಂದೆ. ಅವನು ‘ಸ್ವಲ್ಪ ಇರು ಬಾವ, ಬೆಳಗಿನ ಜಾವ ಬಿಡ್ತಾರಂತೆ’ ಎಂದ. ನಾಲ್ಕು ಟನ್ ಕಾಯಿ ಟಾರ್ಪಾಲಿನ ಕೆಳಗೆ ಬೇಯುತ್ತಿತ್ತು. ಅದರ ಬಿಸಿ ಕ್ಯಾಬಿನ್‌ವರೆಗೂ ಬರುತ್ತಿತ್ತು. ಇಳಿಸುವಾಗ ಕೈಗೆ ಹತ್ತಿದ ಸೊನೆ ಬೆವರಿಗೆ ಉರಿಯತೊಡಗಿತು. ಹಿಂದೆ ನಿಂತ ಕ್ಯಾಂಟರಿನ ಒಬ್ಬ ಮುದುಕರು ಇಳಿದು ಬಂದು, ನಾನು ಮೇಷ್ಟ್ರು ಎಂದು ತಿಳಿದು, ‘ಆರ್ಡರ್ ಅಂದ್ರೆ ಏನು ಬರ್ದಿರ್ತಾರೆ ಸಾರ್, ಸ್ವಲ್ಪ ಓದಿ ಹೇಳಿ’ ಎಂದರು. ಅವರ ಫೋನಿನಲ್ಲಿದ್ದ ತೆಲುಗು ಅಕ್ಷರಗಳನ್ನು ತಡವರಿಸಿಕೊಂಡು ಓದಿದೆ. ಓದಿ ಮುಗಿಸಿದಾಗ ಅವರು ಏನೂ ಹೇಳದೆ ಹೋಗಿ ತಮ್ಮ ಡ್ರೈವರನ್ನು ಎಬ್ಬಿಸಿ ಗಾಡಿ ತಿರುಗಿಸಿದರು. ನಾವು ಇನ್ನೂ ಅಲ್ಲೇ ಇದ್ದೆವು, ಬಾಮೈದನ ಯಾರೋ ಒಬ್ಬ ಫೋನ್ ಎತ್ತುತ್ತಾನೆಂದು.

ಕೊನೆಗೆ ತಿರುಗಿಸಿದಾಗ ಬೆಳಕು ಹರಿದಿತ್ತು. ಅಷ್ಟಾದರೂ ನಾನು ಸಮಯಕ್ಕೆ ಮುಂಚೆಯೇ ಶಾಲೆ ತಲುಪಿ ಸ್ನಾನ ಮಾಡಬಹುದಿತ್ತು. ಮುಳಬಾಗಿಲಿನಲ್ಲಿ ಬಾಮೈದ ದೋಸೆ ತಿನ್ನಲು ನಿಲ್ಲಿಸಿದ. ಮುಳಬಾಗಿಲು ದೋಸೆಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ, ಇಡೀ ರಾಜ್ಯ ಅದನ್ನು ಹೊಗಳುತ್ತದೆ. ಆದರೆ ನಾಲ್ಕು ಟನ್ ನಷ್ಟ ಹೊತ್ತುಕೊಂಡು ಬಂದವನು ಎರಡನೆಯ ದೋಸೆ ಕೇಳುವುದನ್ನು ಹಸಿದ ಹೊಟ್ಟೆಯಲ್ಲಿ ನೋಡುತ್ತಾ ಕೂತಿದ್ದೆ. ನನಗೆ ತುತ್ತು ಇಳಿಯಲಿಲ್ಲ.

ಶಾಲೆಗೆ ಪ್ರಾರ್ಥನೆಯ ಹೊತ್ತಿಗೇ ಬಂದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನೋಟಿಸಿನಲ್ಲಿ ಹಾಗಿಲ್ಲ. ಸಹಿ ಮಾಡಿದೆ, ಹಾಲು ಹಂಚುವಾಗ ನಿಂತೆ, ಬೆಳಗಿನ ಎಲ್ಲ ಪೀರಿಯಡ್ ಮಾಡಿದೆ. ಅಂಗಿಯ ಮೇಲೆ ಸೊನೆಯ ಕಪ್ಪು ಕಲೆ ಇತ್ತು, ಅದು ತೊಳೆದರೂ ಹೋಗುವಂಥದ್ದಲ್ಲ. ಊಟದ ನಂತರ ಏಳನೇ ತರಗತಿಯವರಿಗೆ ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಲು ಹೇಳಿ, ಗೋಡೆಗೆ ಒರಗಿ ನಿಂತು ಕೇಳುತ್ತಿದ್ದೆ. ಕಣ್ಣು ಮುಚ್ಚಿತ್ತು, ಒಪ್ಪುತ್ತೇನೆ. ಕಿವಿ ಮುಚ್ಚಿರಲಿಲ್ಲ. ಯಾರು ಅಲ್ಪಪ್ರಾಣ, ಮಹಾಪ್ರಾಣ ತಪ್ಪಿದರು ಎಂದು ಈಗಲೂ ಹೇಳಬಲ್ಲೆ.

ಕಣ್ಣು ತೆರೆದಾಗ ಬಾಗಿಲಲ್ಲಿ ಭೇಟಿಗೆ ಬಂದ ಅಧಿಕಾರಿ. ಅವರ ಹಿಂದೆ ನಮ್ಮ ಮುಖ್ಯ ಶಿಕ್ಷಕರು, ಮುಖದಲ್ಲಿ ರಕ್ತವಿಲ್ಲ. ಅಧಿಕಾರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಣ್ಣ ದನಿಯಲ್ಲಿ ‘ಮೇಷ್ಟ್ರೇ, ರಜೆ ಇನ್ನೂ ಮುಗಿದಿಲ್ಲವಾ?’ ಎಂದರು. ಮಕ್ಕಳು ನಕ್ಕವು. ಮುಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು ‘ಸಾರ್ ನಿದ್ದೆ ಮಾಡ್ತಿಲ್ಲ ಸಾರ್, ನಾವು ಓದೋದು ಕೇಳ್ತಾವ್ರೆ’ ಎಂದಳು. ಅಧಿಕಾರಿ ನನ್ನ ಅಂಗಿಯ ಕಲೆ ನೋಡಿದರು. ‘ಸರ್ಕಾರಿ ನೌಕರರು ಮಾವಿನಕಾಯಿ ವ್ಯಾಪಾರಾನೂ ಮಾಡ್ತೀರ?’ ವ್ಯಾಪಾರವಲ್ಲ ಸ್ವಾಮಿ, ಅಪ್ಪ ನೆಟ್ಟ ಮರ ಎಂದೆ. ಅದನ್ನು ಅವರು ಬರೆದುಕೊಳ್ಳಲಿಲ್ಲ. ಬರೆದುಕೊಂಡದ್ದು ‘ಕರ್ತವ್ಯ ನಿರ್ಲಕ್ಷ್ಯ’. ರಜೆಯಲ್ಲಿ ಒಂದು ದಿನವೂ ಕಾಲು ಚಾಚದವನಿಗೆ ರಜೆಯ ಗುಂಗು ಇಳಿದಿಲ್ಲ ಎಂಬರ್ಥದ ಕಾರಣ ಕೇಳುವ ನೋಟಿಸ್ ಅದೇ ವಾರ ಬಂತು.

ಉತ್ತರವನ್ನು ಉದ್ದವಾಗಿ ಬರೆದಿದ್ದೆ. ಗಡಿ, ಆದೇಶ, ನಾಲ್ಕು ಇಲಾಖೆಗಳು, ಎಲ್ಲವೂ ಇತ್ತು. ಮುಖ್ಯ ಶಿಕ್ಷಕರು ಓದಿ, ಪೆನ್ನಿನಿಂದ ಅಡ್ಡಗೆರೆ ಎಳೆದು, ‘ಅನಾರೋಗ್ಯ’ ಎಂದು ಒಂದು ಸಾಲು ಬರೆಯಿಸಿದರು. ಎಚ್ಚರಿಕೆ ಕೊಟ್ಟು ಮುಗಿಸಿದರು. ನನ್ನ ಉದ್ದನೆಯ ಉತ್ತರ ಇಂದಿಗೂ ನನ್ನ ಬಳಿಯೇ ಇದೆ. ಈ ಲೇಖನ ಅದರ ಮಕ್ಕಿಕಾಮಕ್ಕಿ ಅಲ್ಲ, ಆದರೆ ದೂರದ್ದೂ ಅಲ್ಲ.

ಕಾಯಿಯ ಗತಿಯನ್ನೂ ಹೇಳಿಬಿಡುತ್ತೇನೆ. ಅದನ್ನು ಕೊನೆಗೆ ನಮ್ಮ ಮಂಡಿಯಲ್ಲೇ ಸುರಿದೆವು, ಕಿತ್ತ ಕೂಲಿಯೂ ಹುಟ್ಟಲಿಲ್ಲ. ಅದೇ ತಿಂಗಳು ಬೆಲೆಗಾಗಿ ಶ್ರೀನಿವಾಸಪುರ ಬಂದ್ ಆಯಿತು. ಜೂನ್ 11ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಿಷೇಧ ತೆಗೆಯುವಂತೆ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಆಮೇಲೆ ಕೇಂದ್ರವು ಕರ್ನಾಟಕದ 2.5 ಲಕ್ಷ ಟನ್‌ವರೆಗಿನ ತೋತಾಪುರಿಗೆ ಕ್ವಿಂಟಲ್‌ಗೆ 1,616 ರೂಪಾಯಿಯ ಲೆಕ್ಕದಲ್ಲಿ ಬೆಲೆ ವ್ಯತ್ಯಾಸ ಕೊಡಲು ಒಪ್ಪಿತು. ಅದರ ಅರ್ಜಿಗೆ ಪಹಣಿ, ಆಧಾರ್ ಹಿಡಿದು ನಿಲ್ಲಲು ನಾನು ಸಾಂದರ್ಭಿಕ ರಜೆ ಹಾಕಬೇಕಾಯಿತು. ರಜೆ ಚೀಟಿಯ ಕಾರಣದ ಜಾಗದಲ್ಲಿ ‘ಸ್ವಂತ ಕೆಲಸ’ ಎಂದಷ್ಟೇ ಬರೆದೆ.

ಈಗ ಸಲಹೆ. ಶಾಲೆ ತೆರೆಯುವ ಹಿಂದಿನ ವಾರದಿಂದ ಮಧ್ಯಾಹ್ನದ ನಿದ್ದೆ ಬಿಡಿ, ತೋಪಿನಲ್ಲಿದ್ದರೂ ಸರಿ, ಆ ಹೊತ್ತಿನಲ್ಲಿ ಕ್ರೇಟ್ ಎಣಿಸುತ್ತಾ ಓಡಾಡಿ. ಬೇಗ ಏಳುವುದನ್ನು ಯಾರೂ ಕಲಿಸಬೇಕಿಲ್ಲ, ಹಗಲು ಎಚ್ಚರವಿರುವುದೇ ಕಷ್ಟ. ಶಾಲೆಯ ಬೀರುವಿನಲ್ಲಿ ಒಗೆದ ಅಂಗಿ ಇಡಿ. ಭಾನುವಾರ ರಾತ್ರಿ ಲೋಡ್ ಕಳಿಸಬೇಡಿ, ಕಳಿಸಿದರೂ ಜೊತೆಗೆ ಹೋಗಬೇಡಿ, ಹೋದರೂ ಬಾಮೈದನ ಗಾಡಿಯಲ್ಲಿ ಬೇಡ. ವೇಳಾಪಟ್ಟಿ ಮಾಡುವ ದಿನವೇ ಮುಖ್ಯ ಶಿಕ್ಷಕರ ಬಳಿ ಕೂತು, ಜೂನ್ ತಿಂಗಳಿಗೆ ಊಟದ ನಂತರ ಆಟದ ಪೀರಿಯಡ್ ಅಥವಾ ಗಣಿತ ಕೇಳಿಕೊಳ್ಳಿ. ಗಣಿತ ಎಂದೆ, ಏಕೆಂದರೆ ಮೊದಲ ವಾರಗಳಲ್ಲಿ ಪುಸ್ತಕ ಬದಿಗಿಟ್ಟು ಕ್ವಿಂಟಲ್, ಕಮಿಷನ್, ಕೂಲಿ, ಬಾಡಿಗೆ ಎಂದು ಲೆಕ್ಕ ಕೊಟ್ಟರೆ ಹಿಂದಿನ ಬೆಂಚಿನವರೂ ಕೈ ಎತ್ತುತ್ತಾರೆ. ಕೋಲಾರದ ಎ.ಪಿ.ಎಂ.ಸಿ.ಗೆ ಅಪ್ಪನ ಜೊತೆ ಟೊಮೇಟೊ ಹೊತ್ತು ಹೋದ ಹುಡುಗರು ನನಗಿಂತ ಬೇಗ ಕಮಿಷನ್ ಕಳೆಯುತ್ತಾರೆ. ಸೇತುಬಂಧದ ಚಟುವಟಿಕೆ ಎಂದು ಅದನ್ನೇ ದಾಖಲಿಸಿದೆ. ಯಾರೂ ಆಕ್ಷೇಪಿಸಲಿಲ್ಲ.

ದಸರಾ ರಜೆಗೆ ಈ ಸಲಹೆ ಯಾವುದೂ ಬೇಕಾಗಲಿಲ್ಲ. ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ನಮ್ಮನ್ನೇ ಮನೆಮನೆಗೆ ಕಳಿಸಿದರು. ಮುಗಿಯಲಿಲ್ಲವೆಂದು ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಮಕ್ಕಳಿಗೆ ರಜೆ, ನಮಗೆ ಮೊಬೈಲ್ ಹಿಡಿದು ಸಿಗ್ನಲ್ ಹುಡುಕುವ ಕೆಲಸ. ದೀಪಾವಳಿ ಮುಗಿಸಿ ಶಾಲೆಗೆ ಬಂದಾಗ, ಮಧ್ಯಾಹ್ನ ಒರಗುವ ಅಭ್ಯಾಸವಿರಲಿ, ಕೂರುವ ಅಭ್ಯಾಸವೂ ತಪ್ಪಿಹೋಗಿತ್ತು.

ಮರಗಳನ್ನು ಮುಂದಿನ ಸಲ ಹೂವಿನಲ್ಲೇ ಗುತ್ತಿಗೆಗೆ ಕೊಟ್ಟುಬಿಡುವುದೆಂದು ಮಂಡಿಯವರೊಬ್ಬರ ಜೊತೆ ಮಾತಾಡಿದ್ದೇನೆ. ದುಡ್ಡು ಕಡಿಮೆ, ಆದರೆ ಕಾಯಿ, ಕೂಲಿ, ಗಡಿ ಎಲ್ಲ ಅವರ ತಲೆನೋವು. ಹೆಂಡತಿ ಒಪ್ಪಿದ್ದಾಳೆ. ಬಾಮೈದನಿಗೆ ಇನ್ನೂ ಹೇಳಿಲ್ಲ.